ಅಂಗಳದ ಶೋಭೆಗೆ ತಕ್ಕ ಹುಲ್ಲುಗಳು

ಹೂವಿಗಾಗಿ ಗಿಡವನ್ನು ನೆಡುವರು. ಹಣ್ಣಿಗಾಗಿ ಮರವನ್ನು ನೆಡುವರು. ಆದರೆ ಹುಲ್ಲನ್ನು ಬೇಕೆಂದು ತಂದು ಅಂಗಳದಲ್ಲಿ ನೆಡುವುದುಂಟೇ ಎಂದು ನಮ್ಮ ಸೀಮೆಯ ಒಕ್ಕಲಿಗನು ಕೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ. ಅವನ ಆಯುಷ್ಯದ ಬಹುಭಾಗವು ಹೊಲದೊಳಗಿನ ಹುಲ್ಲನ್ನು ಕಳೆಯುವುದರಲ್ಲಿಯೇ ಸವೆದಿರುವುದು. ಆದರೂ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕೂ ತಾಲೂಕುಗಳಲ್ಲಿ ಹೊಸದಾಗಿ ಮನೆ ಕಟ್ಟಿಸಿದ ಗೃಹಸ್ಥರು ದೊಡ್ಡ ನಗರಗಳ ತೋಟಗಳನ್ನು ನೋಡಿ ಬಂದು ಶೋಭೆಯ ಹುಲ್ಲನ್ನು ವಿಚಾರಿಸತೊಡಗಿರುವರು. ಇದು ಸಂತೋಷದ ಸಂಗತಿಯೇ. ಗಾಳಿಗೆ ತೂಗುವ ಹುಲ್ಲಿನ ಗುಂಪಿನಲ್ಲಿರುವ ಚೆಲುವು ಕುಂಡದಲ್ಲಿ ಬಿಗಿದುಕೊಂಡು ನಿಂತ ಕ್ರೋಟನ್ ಗಿಡದಲ್ಲಿ ಇಲ್ಲವೆಂದೇ ನಮ್ಮ ಮತ.

ಆದರೆ ನಗರದ ತೋಟಕ್ಕೂ ನಮ್ಮ ತೋಟಕ್ಕೂ ಒಂದು ಮುಖ್ಯ ಭೇದವುಂಟು. ಅಲ್ಲಿ ಒಂದು ಮನೆಯ ಹಿತ್ತಲು ಮುಗಿದಲ್ಲಿ ಮತ್ತೊಂದು ಮನೆಯ ಗೋಡೆಯು ಎದ್ದಿರುವುದು. ನಮ್ಮಲ್ಲಿ ಹಿತ್ತಲು ಮುಗಿದಲ್ಲಿ ಹೊಲವು ಆರಂಭವಾಗುವುದು. ನಮ್ಮ ಅಂಗಳದ ಬೀಜವು ಗಾಳಿಗೆ ಹಾರಿದರೆ ಬೀಳುವುದು ಇನ್ನೊಬ್ಬನ ಗೋವಿನಜೋಳದ ಸಾಲಿನಲ್ಲಿ. ಅದನ್ನು ಕಳೆಯುವ ಕೂಲಿಯ ಭಾರವು ಅವನ ತಲೆಯ ಮೇಲೆ. ಆದಕಾರಣ ಹುಲ್ಲನ್ನು ತರುವ ಮೊದಲು ಅದು ಗೋಡೆಯನ್ನು ದಾಟುವುದೇ, ದಾಟುವುದಾದರೆ ಬೀಜದಿಂದಲೋ ಬೇರಿನಿಂದಲೋ ಎಂಬುದನ್ನು ಗೃಹಸ್ಥನು ವಿಚಾರಿಸತಕ್ಕದ್ದು. ಅದರ ಚೆಂದವನ್ನು ಆಮೇಲೆ ನೋಡಿದರಾಯಿತು.

ಹುಲ್ಲೆಂದರೆ ಅಲ್ಪವಸ್ತುವೆಂದು ನಮ್ಮ ಪೂರ್ವಿಕರು ಬಗೆದಿರಲಿಲ್ಲ. ಅಮರಸಿಂಹನು ತನ್ನ ಕೋಶದ ವನೌಷಧಿ ವರ್ಗದಲ್ಲಿ ಮರಬಳ್ಳಿಗಳನ್ನೆಲ್ಲ ಹೇಳಿ ಬಂದು, ಕೊನೆಗೆ ತೃಣಗಳಿಗೂ ಒಂದೊಂದಾಗಿ ಹೆಸರು ಕೊಟ್ಟಿರುವನು. ಆ ಹೆಸರುಗಳಲ್ಲಿಯೇ ಹುಲ್ಲಿನ ಸ್ವಭಾವವು ಅಡಗಿರುವುದು. ಕರಿಕೆಗೆ ಅವನು ಹೇಳಿದ ಶತಪರ್ವಿಕಾ, ರುಹಾ, ಅನಂತಾ ಎಂಬ ಹೆಸರುಗಳನ್ನು ನೋಡಿರಿ: ನೂರು ಗಿಣ್ಣುಳ್ಳದ್ದು, ಚಿಗುರಿ ಬರುವಂಥದು, ಕೊನೆಯಿಲ್ಲದ್ದು. ಎರೆಯ ಹೊಲದಲ್ಲಿ ಕರಿಕೆ ಹೊಕ್ಕ ರೈತನಿಗೆ ಈ ಮೂರು ಹೆಸರುಗಳ ಅರ್ಥವನ್ನು ಯಾವ ಪಂಡಿತನೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೆಲದ ಮಾತು. ಪಡುವಲ ಹಾನಗಲ್ಲಿನಲ್ಲಿ ಮಲೆನಾಡಿನ ಸೆರಗು ತಾಗಿರುವುದು; ಮಳೆ ಹೆಚ್ಚು, ಧರ್ಮಾ ನದಿಯ ಕಾಲುವೆಯ ನೀರೂ ಉಂಟು, ಭತ್ತದ ಗದ್ದೆಗಳೂ ಉಂಟು. ಮೂಡಲಿಗೆ ಸವಣೂರಿನತ್ತ ನಡೆದಂತೆ ಮಳೆಯು ಕಡಿಮೆಯಾಗಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಎರೆಭೂಮಿಯು ಬರುವುದು. ಶಿಗ್ಗಾಂವಿ ಹಿರೇಕೆರೂರುಗಳಲ್ಲಿ ಮಸಾರಿಯೂ ಎರೆಯೂ ಬೆರೆತಿರುವುವು. ಒಂದೇ ಹುಲ್ಲು ನಾಲ್ಕೂ ಕಡೆಗೆ ಒಂದೇ ರೀತಿ ಬಾಳಲಾರದು. ಆದರೆ ಲಾವಂಚವೊಂದು ಈ ಮಾತಿಗೆ ಹೊರತು. ಅದು ಎಲ್ಲ ಕಡೆಗೂ ಒಗ್ಗುವುದು. ಅದನ್ನೇ ಮೊದಲು ಹೇಳುವೆವು.

ಲಾವಂಚದ ಬೇರನ್ನು ಅರಿಯದ ಗೃಹಿಣಿಯಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡದಲ್ಲಿ ಅದರ ಕಟ್ಟನ್ನು ಇಳಿಬಿಡುವರು. ಸಂಸ್ಕೃತದಲ್ಲಿ ಗಿಡಕ್ಕೆ ವೀರಣವೆಂದೂ ಬೇರಿಗೆ ಉಶೀರವೆಂದೂ ಬೇರೆ ಬೇರೆ ಹೆಸರುಗಳಿರುವುವು. ಬೇರಿಗೆ ಎಷ್ಟು ಗೌರವವೆಂಬುದನ್ನು ಇದರಿಂದಲೇ ತಿಳಿಯಬಹುದು. ಆದರೆ ಬೇರನ್ನು ಬಲ್ಲವರಲ್ಲಿ ಗಿಡವನ್ನು ಕಂಡವರು ಕೆಲವರೇ. ಆಳೆತ್ತರಕ್ಕೆ ನೇರವಾಗಿ ಏಳುವ ದಟ್ಟವಾದ ಹಸುರು ಗುಂಪು. ಎಲೆಯ ತುದಿ ಮಾತ್ರ ಬಾಗಿ ತೂಗುವುದು. ಮಳೆಗಾಲ ಕಳೆಯುತ್ತ ಬಂದಾಗ ನೇರಳೆ ಛಾಯೆಯ ತೆನೆಯು ಹೊರಡುವುದು. ಬೇರು ಅಡ್ಡಕ್ಕೆ ಹರಿಯದೆ ಕೆಳಕ್ಕೆ ಇಳಿಯುವುದು. ಒಳ್ಳೆಯ ಮಣ್ಣಿನಲ್ಲಿ ಹತ್ತು ಅಡಿಗೂ ಮಿಕ್ಕಿ ಹೋಗುವುದುಂಟು. ದಕ್ಷಿಣದಲ್ಲಿ ಬೇರಿಗಾಗಿ ಬೆಳೆಸಿಕೊಂಡು ಬಂದ ತಳಿಯು ಬೀಜದಿಂದ ಮರಿಯಾಗುವುದಿಲ್ಲವೆಂದೇ ಹೇಳಬಹುದು. ಆದಕಾರಣ ನಾವು ನೆಟ್ಟಲ್ಲಿಯೇ ನಿಲ್ಲುವುದು. ಗೋಡೆಯನ್ನು ದಾಟುವ ಮಾತಿಲ್ಲ. ಉತ್ತರ ಹಿಂದುಸ್ಥಾನದ ಕಾಡುತಳಿಯು ಹಾಗಲ್ಲ, ಅದು ಬೀಜ ಬಿಡುವುದು; ತರಿಸುವಾಗ ಇದನ್ನು ಕೇಳಿ ತಿಳಿಯಬೇಕು.

ಇದರ ಗುಣವನ್ನು ನಮ್ಮ ನಾಡಿನವರೇ ಜಗತ್ತಿಗೆ ತೋರಿಸಿದರೆಂಬುದು ಅಭಿಮಾನದ ವಿಷಯ. ಗುಂಡ್ಲುಪೇಟೆಯ ಸುತ್ತಿನ ರೈತರು ನೂರು ವರ್ಷಗಳಿಗೂ ಹಿಂದಿನಿಂದ ಹೊಲದ ಎಲ್ಲೆಗೆ ಲಾವಂಚದ ಸಾಲನ್ನು ನೆಡುತ್ತ ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಭೂಸಂರಕ್ಷಣ ತಜ್ಞರು ಇದನ್ನು ಕಂಡು, ಮಣ್ಣು ಕೊಚ್ಚಿಹೋಗುವ ಬೇರೆ ದೇಶಗಳಲ್ಲಿಯೂ ಪ್ರಚಾರ ಮಾಡಿದರು. 1993ರಲ್ಲಿ ಅಮೇರಿಕೆಯ ರಾಷ್ಟ್ರೀಯ ಸಂಶೋಧನ ಮಂಡಳಿಯು ಈ ಹುಲ್ಲೊಂದನ್ನೇ ಕುರಿತು ಒಂದು ಗ್ರಂಥವನ್ನು ಹೊರಡಿಸಿತು. ಸವಣೂರಿನ ಎರೆಯಲ್ಲಿ ಮನೆ ಕಟ್ಟಿದವರಿಗೆ ಇದರ ಉಪಯೋಗವು ವಿಶೇಷ. ಅಂಗಳದ ಇಳುಕಲಿಗೆ ಅಡ್ಡವಾಗಿ ಗೇಣಿಗಿಂತ ಕಡಿಮೆ ಅಂತರದಲ್ಲಿ ಒಂದು ಸಾಲು ನೆಟ್ಟರೆ ಎರಡು ಮಳೆಗಾಲಗಳಲ್ಲಿ ಅದು ಜೀವಂತ ಗೋಡೆಯಾಗಿ, ಹರಿದು ಬಂದ ಮಣ್ಣನ್ನು ತಡೆದು ನೀರನ್ನು ಮಾತ್ರ ಸೋಸಿ ಬಿಡುವುದು. ಆದರೆ ಒಂದು ಸಂಗತಿ: ಬೇರು ಬೇಕಾದರೆ ಬುಡವನ್ನು ಕೀಳಬೇಕಾಗುವುದು. ಸಾಲನ್ನೂ ಉಳಿಸಿಕೊಂಡು ಬೇರನ್ನೂ ಪಡೆಯಲಿಚ್ಛಿಸುವವರು ಮರಳು ಬೆರೆಸಿದ ಮಣ್ಣನ್ನು ಗೋಣಿಚೀಲಗಳಲ್ಲಿ ತುಂಬಿ ಎರಡು ಮೂರು ಬುಡಗಳನ್ನು ಬೇರೆಯಾಗಿ ಬೆಳೆಸಲಿ. ವರ್ಷವೊಂದು ಕಳೆದ ಮೇಲೆ ಚೀಲವನ್ನು ಹರಿದರೆ ಬೇರು ತುಂಡಾಗದೆ ಕೈಗೆ ಬರುವುದು.

ಮಜ್ಜಿಗೆ ಹುಲ್ಲೂ ಇದೇ ಜಾತಿಯ ಸಂಭಾವಿತ ಹುಲ್ಲು. ನಮ್ಮಲ್ಲಿ ಕೆಲವರು ಇದನ್ನು ಮರಾಠಿಯಿಂದ ಬಂದ ಹೆಸರಿನಿಂದ ಗವತಿ ಚಹಾ ಎನ್ನುವರು. ಹೂ ಬಿಡುವುದು ಅಪರೂಪ. ಬುಡವನ್ನು ಸೀಳಿಯೇ ನೆಡಬೇಕು. ಎರಡಡಿಗೆ ಒಂದರಂತೆ ಬಚ್ಚಲ ನೀರು ಹರಿಯುವ ಕಡೆಗೆ ಹಚ್ಚಿದರೆ ಸಾಕು. ನೀರು ನಿಲ್ಲುವಲ್ಲಿ ಮಾತ್ರ ಕೊಳೆಯುವುದು. ಆದುದರಿಂದ ಹಾನಗಲ್ಲಿನವರು ಏರು ಮಾಡಿ ನೆಡಬೇಕು.

ಈಗ ಕಾಶದ ವಿಚಾರ. ಶರದೃತುವನ್ನು ವರ್ಣಿಸಲು ಕುಳಿತ ಸಂಸ್ಕೃತ ಕವಿಗಳಲ್ಲಿ ಇದನ್ನು ನೆನೆಯದವರು ವಿರಳ. ಹೊಳೆಯ ದಂಡೆಯ ಮರಳಿನಲ್ಲಿ ಕಬ್ಬಿನಂತೆ ಸಪುರಾದ ಎಲೆಗಳೊಡನೆ ಎದ್ದು, ಮಳೆ ಹಿಂದೆಗೆದು ಶೀಗೀ ಹುಣ್ಣಿಮೆಯು ಬರುವ ಹೊತ್ತಿಗೆ ಬೆಳ್ಳಗೆ ಬೆಳ್ಳಿಯ ಚಾಮರಗಳನ್ನು ಎತ್ತುವ ಹುಲ್ಲೇ ಕಾಶ. ಇದು ಕಬ್ಬಿಗೆ ಕಾಡುಬಂಧು. ಕೊಯಮತ್ತೂರಿನ ಕಬ್ಬಿನ ಸಂಶೋಧನ ಕೇಂದ್ರದಲ್ಲಿ ಬಾರ್ಬರ್, ವೆಂಕಟರಾಮನ್ ಎಂಬ ವಿದ್ವಾಂಸರು ಬೆಳೆಯ ಕಬ್ಬಿಗೂ ಈ ಕಾಶಕ್ಕೂ ಸಂಕರ ಮಾಡಿ ಪಡೆದ ಕೋ 205 ಎಂಬ ತಳಿಯು 1918ರಲ್ಲಿ ರೈತರ ಕೈಗೆ ಬಂದಿತು. ಇಂದು ಲೋಕದಲ್ಲಿ ಬೆಳೆಯುವ ಬಹುತೇಕ ಕಬ್ಬಿನ ಮೈಯಲ್ಲಿ ಕಾಶದ ಅಂಶವಿರುವುದು. ಚೆಲುವಿನಲ್ಲಿ ಇದಕ್ಕೆ ಮಿಗಿಲಾದ ಹುಲ್ಲು ನಮ್ಮ ಸೀಮೆಯಲ್ಲಿಲ್ಲ. ಉಪದ್ರವದಲ್ಲಿಯೂ ಇದರ ಸಮಕ್ಕೆ ನಿಲ್ಲುವವು ಕೆಲವೇ. ಮೇಲೆ ಬೀಜವು ಹತ್ತಿಯಂತೆ ಹಾರುವುದು. ಕೆಳಗೆ ಗಡುಸಾದ ಬೇರುಕಾಂಡವು ಮಾರುದೂರ ಹರಿಯುವುದು. ನೇಗಿಲು ಕತ್ತರಿಸಿದ ಪ್ರತಿಯೊಂದು ತುಂಡೂ ಹೊಸ ಗಿಡವಾಗುವುದು.

ಹಾಗಾದರೆ ಕಾಶವನ್ನು ಬಿಟ್ಟೇ ಬಿಡಬೇಕೇ? ಹೊಲಕ್ಕೆ ಹೊಂದಿಕೊಂಡ ಹಿತ್ತಲಿನವರು ಬಿಡುವುದೇ ಲೇಸು. ವರದೆಯ ದಂಡೆಗೆ ಹೋಗಿ ಕಣ್ಣು ತುಂಬ ನೋಡಿ ಬರಲಿ. ಊರ ನಡುವೆ ಮನೆಯಿದ್ದು, ಆಶೆಯನ್ನು ಬಿಡಲಾರದವರು ಅದನ್ನು ಸೆರೆಯಲ್ಲಿಟ್ಟು ಸಾಕಬೇಕು. ತಳದಲ್ಲಿ ನಾಲ್ಕು ಸಣ್ಣ ತೂತು ಮಾತ್ರ ಮಾಡಿದ ಗಟ್ಟಿ ಡ್ರಮ್ಮನ್ನು, ಅಂಚು ನಾಲ್ಕು ಬೆರಳು ಮೇಲೆ ಕಾಣುವಂತೆ ನೆಲದಲ್ಲಿ ಹೂತು, ಅದರೊಳಗೆ ನೆಡಬೇಕು. ಚಾಮರವು ಪೂರ್ತಿ ಅರಳಿ ಬೀಜ ಉದುರುವ ಮೊದಲೇ ಕೊಯ್ದು ನಡುಮನೆಯ ತಂಬಿಗೆಯಲ್ಲಿ ಇಡಬೇಕು. ಒಣಗಿದ ಚಾಮರವು ಯುಗಾದಿಯ ತನಕ ಕೆಡದೆ ಇರುವುದು. ವೈದಿಕ ಕರ್ಮಕ್ಕೆ ಬೇಕಾದ ದರ್ಭೆಯ ಬೇರೂ ಇದೇ ಬಗೆಯದು. ಅದನ್ನು ಮನೆಯಲ್ಲಿ ನೆಡದೆ ಪದ್ಧತಿಯಂತೆ ಶ್ರಾವಣದ ಅಮಾವಾಸ್ಯೆಯ ದಿನ ಬಯಲಿನಿಂದ ತಂದಿಟ್ಟುಕೊಳ್ಳುವುದೇ ಸರಿ.

ಪರದೇಶದ ಹುಲ್ಲುಗಳ ಬಗ್ಗೆ ನಾವು ಸ್ಪಷ್ಟವಾಗಿಯೇ ಹೇಳುವೆವು. ಅಂಗಡಿಗಳಲ್ಲಿ ಹೆಚ್ಚಾಗಿ ಹೊಗಳುವವು ಎರಡು: ದಕ್ಷಿಣ ಅಮೇರಿಕೆಯ ಪಾಂಪಸ್ ಹುಲ್ಲು ಮತ್ತು ಆಫ್ರಿಕೆಯ ಫೌಂಟನ್ ಹುಲ್ಲು. ಚಿತ್ರದಲ್ಲಿ ಎರಡೂ ಸುಂದರ. ಆದರೆ ನ್ಯೂಜಿಲಂಡದಲ್ಲಿ ಪಾಂಪಸ್ ಹುಲ್ಲಿನ ಮಾರಾಟವನ್ನೇ ನಿಷೇಧಿಸಬೇಕಾಯಿತು. ಹವಾಯಿ ದ್ವೀಪದಲ್ಲಿ ಫೌಂಟನ್ ಹುಲ್ಲು ಬಯಲುಗಳನ್ನು ಆವರಿಸಿ, ಒಣಗಿ ಬೆಂಕಿಗೆ ಆಹಾರವಾಗಿ, ಸುಟ್ಟ ಮೇಲೆ ತಾನೇ ಮೊದಲು ಚಿಗುರಿ, ಅಲ್ಲಿಯ ಮೂಲ ಗಿಡಗಳನ್ನು ಹೊರದೂಡುತ್ತಿರುವುದು. ಪರದೇಶದ್ದೆಂಬ ಮಾತ್ರಕ್ಕೆ ನಾವು ಯಾವ ಗಿಡವನ್ನೂ ದೂರುವವರಲ್ಲ. ಸವಣೂರಿನ ಕಲ್ಮಠದ ದೊಡ್ಡಹುಣಸೆ ಮರಗಳ ಮೂಲವು ಆಫ್ರಿಕೆಯೇ. ಶತಮಾನಗಳಿಂದ ಅವು ಊರಿಗೆ ಕೀರ್ತಿ ತಂದಿರುವುವಲ್ಲದೆ ಒಬ್ಬ ರೈತನ ಹೊಲವನ್ನೂ ಹೊಕ್ಕಿಲ್ಲ. ಹೊಕ್ಕದ್ದನ್ನು ನೋಡಬೇಕಾದರೆ ರಸ್ತೆಯ ಬದಿಗೆ ಕಣ್ಣು ಹಾಯಿಸಿದರೆ ಸಾಕು. ಸುಮಾರು 1955–56ರಲ್ಲಿ ಪುಣೆಯಲ್ಲಿ ಸಸ್ಯಜ್ಞರ ಗಮನಕ್ಕೆ ಬಂದ ಪಾರ್ಥೇನಿಯಂ ಕಳೆಯು ಕೆಲವೇ ದಶಕಗಳಲ್ಲಿ ಕರ್ನಾಟಕವನ್ನೆಲ್ಲ ತುಂಬಿತು. ಜನರು ಅದನ್ನು ಕಾಂಗ್ರೆಸ್ ಹುಲ್ಲು ಎನ್ನುವರಾದರೂ ಅದು ಹುಲ್ಲಲ್ಲ, ಸೂರ್ಯಕಾಂತಿಯ ಕುಲದ್ದು. ಹೆಸರಿನ ಕಳಂಕ ಮಾತ್ರ ಹುಲ್ಲಿಗೆ ಬಂದಿತು.

ಹಸುರು ಹಾಸು ಬೇಕೆನ್ನುವವರಿಗೆ ಕರಿಕೆಯೇ ಸಾಕು. ಕೊಂಡು ತರುವ ಹಾಸಿನ ತುಂಡುಗಳು ನೀರು ಕುಡಿದು ಬಾವಿಯನ್ನೇ ಬರಿದುಮಾಡುವುವು. ಕರಿಕೆಯು ಬೇಸಿಗೆಯಲ್ಲಿ ಕೆಂಪಾಗಿ ಸತ್ತಂತೆ ಕಂಡರೂ ಮೊದಲ ಮಳೆಗೆ ಏಳುವುದು. ಮನೆಯಲ್ಲಿ ಗಣೇಶ ಚತುರ್ಥಿಗೆ ಕರಿಕೆಯನ್ನು ಹುಡುಕಿ ಅಲೆಯುವುದೂ ತಪ್ಪುವುದು. ಸುತ್ತಲೂ ಇಟ್ಟಿಗೆಯ ಕಟ್ಟು ಇರಲಿ. ಅದರಾಚೆ ಬಂದ ಬಳ್ಳಿಯನ್ನು ತಿಂಗಳಿಗೊಮ್ಮೆ ಕತ್ತರಿಸಿರಿ.

ನಮ್ಮ ಹೊಲದ ಪೈರುಗಳೂ ಹುಲ್ಲೇ ಎಂಬುದನ್ನು ಮರೆಯುವೆವು. ಸಜ್ಜೆಯ ಒಂದು ಕಡುನೇರಳೆ ತಳಿಗೆ ಅಮೇರಿಕೆಯಲ್ಲಿ 2003ರಲ್ಲಿ ತೋಟದ ಗಿಡಗಳ ಸ್ಪರ್ಧೆಯೊಂದರಲ್ಲಿ ಚಿನ್ನದ ಪದಕವು ದೊರೆಯಿತು. ಅಲ್ಲಿಯವರು ಅದನ್ನು ಕೇವಲ ಅಂದಕ್ಕಾಗಿ ಅಂಗಳದಲ್ಲಿ ನೆಡುವರು. ಹೀಗಿರಲು ನಾವು ಒಂದು ಹಿಡಿ ಸಜ್ಜೆಯನ್ನೋ ನವಣೆಯನ್ನೋ ಹೂಗಿಡಗಳ ಹಿಂದೆ ಚೆಲ್ಲಲು ನಾಚಬೇಕೇಕೆ? ನವಣೆಯ ತೆನೆ ಬಾಗಿ ನಿಂತಾಗ ಅದರ ಅಂದವೇ ಬೇರೆ; ಗುಬ್ಬಿಗಳೂ ಬರುವುವು. ಮಕ್ಕಳಿರುವ ಮನೆಯವರು ಗವೇಧುಕವನ್ನು ಬಿತ್ತಲಿ. ಗೋವಿನಜೋಳದಂಥ ಎಲೆ, ತೇವದ ನೆಲವನ್ನು ಬಯಸುವುದು. ಕಲ್ಲಿನಂತೆ ಗಟ್ಟಿಯಾಗಿ ಹೊಳೆಯುವ ಬೂದುಬಣ್ಣದ ಕಾಳಿನ ನಡುವೆ ಸೃಷ್ಟಿಯೇ ರಂಧ್ರವನ್ನು ಕೊರೆದಿಟ್ಟಿರುವುದರಿಂದ ಮಕ್ಕಳು ದಾರವನ್ನು ಪೋಣಿಸಿ ಸರ ಮಾಡಿಕೊಳ್ಳುವರು.

ಬಿದಿರನ್ನು ಹುಲ್ಲೆಂದರೆ ನಂಬದವರುಂಟು. ಅಮರನು ಅದಕ್ಕೆ ತೃಣಧ್ವಜ, ಅಂದರೆ ತೃಣಗಳ ಧ್ವಜವೆಂಬ ಹೆಸರನ್ನೇ ಕೊಟ್ಟಿರುವನು. ನಮ್ಮ ಸರಕಾರದ ಕಾಯಿದೆಗೆ ಮಾತ್ರ ಈ ತಿಳಿವಳಿಕೆ ಬರಲು ಬಹುಕಾಲ ಬೇಕಾಯಿತು. 1927ರ ಅರಣ್ಯ ಕಾಯಿದೆಯಲ್ಲಿ ಬಿದಿರು ಮರಗಳ ಸಾಲಿನಲ್ಲಿದ್ದಿತು, 2017ರ ತಿದ್ದುಪಡಿಯಿಂದ ಅಡವಿಯ ಹೊರಗೆ ಬೆಳೆದ ಬಿದಿರಿಗೆ ಆ ಬಂಧನವು ತಪ್ಪಿತು. ಗಾಳಿಗೆ ಸಿಳ್ಳು ಹಾಕುವ ಬಿದಿರಿಗೆ ಸಂಸ್ಕೃತದಲ್ಲಿ ಕೀಚಕವೆಂದು ಹೆಸರು. ಹಾನಗಲ್ಲು ವಿರಾಟನ ಪಟ್ಟಣವೆಂಬ ಪ್ರತೀತಿಯಿರುವುದರಿಂದ ಅಲ್ಲಿಯ ವಾಚಕರಿಗೆ ಈ ಹೆಸರು ಹೊಸದಲ್ಲ. ಆದರೂ ಮುಳ್ಳುಳ್ಳ ಹೆಬ್ಬಿದಿರನ್ನು ಮನೆಯ ಸಮೀಪ ನೆಡಬಾರದು. ಅದು ನಾಲ್ವತ್ತು ಐವತ್ತು ವರ್ಷಗಳಿಗೊಮ್ಮೆ ಹೂ ಬಿಟ್ಟು ಮೆಳೆಗೆ ಮೆಳೆಯೇ ಒಣಗುವುದು. ಸಣ್ಣ ಜಾತಿಯ, ಮುಳ್ಳಿಲ್ಲದ, ಒಂದೇ ಕಡೆಗೆ ಗುಂಪಾಗಿ ಏಳುವ ಬಿದಿರನ್ನು ಕಂಪೌಂಡಿನ ಮೂಲೆಗೆ ಹಚ್ಚಬಹುದು.

ನೆಡಲು ಮೃಗಶಿರಾ, ಆರಿದ್ರಾ ಮಳೆಗಳೇ ಸಮಯ. ಮೊದಲ ವರ್ಷದ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರುಣಿಸಿದರೆ, ಮರುವರ್ಷ ಲಾವಂಚಕ್ಕೆ ನೀರಿನ ಚಿಂತೆಯಿಲ್ಲ. ಗೊಬ್ಬರವನ್ನು ಅತಿಯಾಗಿ ಹಾಕಿದರೆ ಎಲೆ ಮೆತ್ತಗಾಗಿ ನೆಲಕ್ಕೆ ಬೀಳುವುದು. ಮಳೆಗಾಲದ ಮುಂಚೆ ನೆಲದಿಂದ ಒಂದು ಗೇಣು ಬಿಟ್ಟು ಹುಲ್ಲನ್ನು ಕೊಯ್ಯಬೇಕು. ಕೊಯ್ದದ್ದು ಗಿಡಗಳ ಬುಡಕ್ಕೆ ಮುಚ್ಚಿಗೆಯಾಗುವುದು. ದಟ್ಟವಾದ ಗುಂಪಿನಲ್ಲಿ ಹಾವು ಸೇರೀತೆಂಬ ಅಂಜಿಕೆಯು ಗೃಹಿಣಿಯರಿಗೆ ಸಹಜ, ನಿರಾಧಾರವೂ ಅಲ್ಲ. ಹೊಸ್ತಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿಯೇ ನೆಟ್ಟು, ಬುಡದಲ್ಲಿಯ ಒಣ ಎಲೆಗಳನ್ನು ಆಗಾಗ ತೆಗೆಯುತ್ತಿರಬೇಕು.

ಲಾವಂಚವನ್ನು ದುಡ್ಡು ಕೊಟ್ಟು ಕೊಳ್ಳುವುದು ಒಂದೇ ಸಲ. ಚೆನ್ನಾಗಿ ಬೆಳೆದ ಬುಡವನ್ನು ಅಗೆದು ಸೀಳಿದರೆ ಹತ್ತಾರು ತೆಂಡೆಗಳು ದೊರೆಯುವುವು. ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಿ, ತೇವದ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಟ್ಟರೆ ಎರಡು ಮೂರು ದಿನಗಳವರೆಗೆ ಕೆಡಲಾರವು. ಬೀಗರ ಊರಿಗೆ ಬಸ್ಸಿನಲ್ಲಿ ಕಳಿಸಿಕೊಡಲು ಅಷ್ಟು ಸಮಯವು ಸಾಕು.