ತಿಳಿನೀರಿನಲ್ಲಿಯೂ ಮೀನು ಸಾಯುವುದೇಕೆ?

ಮನೆಗೆ ಹೊಸದಾಗಿ ಮೀನಿನ ತೊಟ್ಟಿಯನ್ನು ತಂದವರಿಂದ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದೇ: ನೀರು ಸ್ಫಟಿಕದಂತಿತ್ತು, ಹೊತ್ತುಹೊತ್ತಿಗೆ ಆಹಾರ ಹಾಕಿದೆವು, ಆದರೂ ಮೀನುಗಳು ಒಂದೊಂದಾಗಿ ಸತ್ತವು. ಮಕ್ಕಳು ಅಳುತ್ತಾರೆ, ಹಿರಿಯರು ರೋಗವೆಂದು ಬಗೆದು ಔಷಧಿ ಸುರಿಯುತ್ತಾರೆ. ಅನೇಕ ವೇಳೆ ಅಲ್ಲಿರುವುದು ರೋಗವಲ್ಲ, ಅವಸರದ ಫಲ.

ಮೀನಿನ ಕಿವಿರುಗಳಿಂದಲೂ ಮಲದಿಂದಲೂ ಕೊಳೆತ ಆಹಾರದಿಂದಲೂ ನೀರಿಗೆ ಅಮೋನಿಯ ಸೇರುತ್ತಲೇ ಇರುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಕೆರೆ ಹೊಳೆಗಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಮಾತ್ರ ಮಿತಿಯಲ್ಲಿದ್ದರೆ ಮೀನಿಗೆ ಅಪಾಯಕಾರಿಯಲ್ಲ, ಗಿಡಗಳಿಗೆ ಗೊಬ್ಬರ. ಈ ಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಅವು ಹೆಚ್ಚಾಗಿ ನೆಲೆಸುವುದು ಫಿಲ್ಟರಿನ ಸ್ಪಂಜು ಮತ್ತು ತಳದ ಜಲ್ಲಿಕಲ್ಲುಗಳ ಮೇಲೆ. ಹೊಸ ತೊಟ್ಟಿಯಲ್ಲಿ ಅವು ಬೇರೂರಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು.

ಮೀನು ಮೇಲಕ್ಕೆ ಬಂದು ಏದುಸಿರು ಬಿಡುತ್ತಿದ್ದರೆ ಮೊದಲು ನೀರನ್ನು ಪರೀಕ್ಷಿಸಬೇಕು. ಅದಕ್ಕೆ ಬೇಕಾದ ದ್ರಾವಣಗಳು ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಸಿಗುತ್ತವೆ. ಕಿವಿರು ಕಂದಾಗಿದ್ದರೆ ನೈಟ್ರೈಟಿನ ಶಂಕೆ ಬಲವಾಗುತ್ತದೆ; ಅದು ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ಇವೆರಡರಲ್ಲಿ ಯಾವುದು ಕಂಡುಬಂದರೂ ಅಂದೇ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ನೀರನ್ನು ಬದಲಿಸಿ, ಒಂದೆರಡು ದಿನ ಆಹಾರ ನಿಲ್ಲಿಸಬೇಕು. ಹೊಸದಾಗಿ ಹಾಕುವ ನಲ್ಲಿನೀರಿನ ಕ್ಲೋರಿನನ್ನು ಅದಕ್ಕೆಂದೇ ಸಿಗುವ ದ್ರಾವಣದಿಂದ ಮೊದಲೇ ನಿವಾರಿಸಿರಬೇಕು.

ವಾರಗಳು ಕಳೆದರೂ ಅಮೋನಿಯ ಇಳಿಯದಿದ್ದರೆ ಕಾರಣವನ್ನು ಮನೆಯಲ್ಲಿಯೇ ಹುಡುಕಬಹುದು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನಿಗೆ ಬ್ಯಾಕ್ಟೀರಿಯಗಳು ಬಲಿಯಾಗುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಜಾಲಿಸಬೇಕು. ವಿದ್ಯುತ್ತು ಗಂಟೆಗಟ್ಟಲೆ ಹೋದರೆ ಆಮ್ಲಜನಕವಿಲ್ಲದೆ ಅವು ಸೊರಗುತ್ತವೆ. ನೀರಿನ ಆಮ್ಲೀಯತೆ ಹೆಚ್ಚಾದರೂ ಅವುಗಳ ಕೆಲಸ ಕುಂಠಿತವಾಗುತ್ತದೆ.

ಕಾಯುವ ಅವಧಿಯನ್ನು ತಗ್ಗಿಸುವ ಉಪಾಯವನ್ನು ನಮ್ಮ ಗೃಹಿಣಿಯರು ಬಲ್ಲರು. ಹಾಲಿಗೆ ಹೆಪ್ಪು ಹಾಕುವಂತೆ, ಆರೋಗ್ಯವಂತ ಹಳೆಯ ತೊಟ್ಟಿಯ ಒಂದು ಹಿಡಿ ಜಲ್ಲಿಯನ್ನೋ ಸ್ಪಂಜಿನ ತುಂಡನ್ನೋ ಒಣಗಲು ಬಿಡದೆ ತಂದು ಹೊಸ ತೊಟ್ಟಿಗೆ ಸೇರಿಸಿದರಾಯಿತು. ಮೀನು ಬಿಡದೆಯೇ ದಿನವೂ ಚಿಟಿಕೆ ಆಹಾರ ಹಾಕುತ್ತಿರಬೇಕು. ಅಮೋನಿಯ, ನೈಟ್ರೈಟ್ ಎರಡೂ ಕಾಣಿಸಿಕೊಂಡು ಮತ್ತೆ ಸೊನ್ನೆಗೆ ಇಳಿದು, ಹಾಗೆಯೇ ನಿಂತ ಮೇಲೆ ಎರಡು ಮೂರು ಮೀನುಗಳನ್ನಷ್ಟೇ ಬಿಡಬೇಕೆಂಬುದು ನಮ್ಮ ಸಲಹೆ.

ಬರಿದಾದ ತೊಟ್ಟಿಯನ್ನು ತಿಂಗಳುಗಟ್ಟಲೆ ನೋಡುತ್ತ ಕೂರುವುದು ಮಕ್ಕಳಿಗೆ ಕಷ್ಟವೇ. ಪರೀಕ್ಷೆಯ ಬಣ್ಣವನ್ನು ದಿನವೂ ಪುಸ್ತಕದಲ್ಲಿ ಗುರುತಿಸುವ ಹೊಣೆಯನ್ನು ಅವರಿಗೇ ಒಪ್ಪಿಸೋಣ. ಮೀನು ಬಿಡುವ ದಿನವನ್ನು ಅವರೇ ನಮಗೆ ತಿಳಿಸಲಿ.