ಖಾಲಿ ಕ್ರೇಟಿನ ಲೆಕ್ಕಕ್ಕೆ ತಾಯಲೂರಿನ ಟ್ಯಾಲಿ

ಟೊಮೆಟೊ ಮಂಡಿಯಲ್ಲಿ ದರಕ್ಕಿಂತ ಹೆಚ್ಚು ಮಾತಿಗೆ ಮಾತು ಬೆಳೆಯುವುದು ಖಾಲಿ ಕ್ರೇಟಿನ ವಿಷಯಕ್ಕೆ. ಮಂಡಿಯವರು ಕೊಟ್ಟ ಕ್ರೇಟು ತೋಟಕ್ಕೆ ಹೋಗಿ, 15 ಕೆ.ಜಿ. ಹಣ್ಣು ತುಂಬಿಕೊಂಡು ವಾಪಸ್ ಬರಬೇಕು. ಹೋದದ್ದೆಷ್ಟು, ಬಂದದ್ದೆಷ್ಟು? ಲೆಕ್ಕ ಇಡುವ ತಂತ್ರಾಂಶವಾದ ಟ್ಯಾಲಿಯ ಮಾಮೂಲಿ ಬಿಲ್ಲಿನಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ.

ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ, ಜೆರಾಕ್ಸ್ ಅಂಗಡಿಯೊಂದರ ಹಿಂಬದಿ ಕೋಣೆಯಲ್ಲಿ ಆ ಜಾಗ ಮಾಡುತ್ತಿದ್ದ ಬಿ.ಕಾಂ. ಓದಿದ ಹುಡುಗನನ್ನು ನೋಡಿ ಬಂದಿದ್ದೇನೆ. ಆ ಖುಷಿ ಇನ್ನೂ ಇಳಿದಿಲ್ಲ. ಕೆಲಸ ವಡ್ಡಹಳ್ಳಿಯ ಮಂಡಿಯೊಂದಕ್ಕೆ. ಅವನ ಮುಂದೆ ತೆರೆದಿದ್ದದ್ದು ಟ್ಯಾಲಿಗೆ ಪ್ರೋಗ್ರಾಮ್ ಬರೆಯುವ ಸಾಧನ, ಟ್ಯಾಲಿಪ್ರೈಮ್ ಡೆವಲಪರ್. ರೈತರಿಗೆ ಕೊಡುವ ಲೆಕ್ಕದ ಪಟ್ಟಿಯಲ್ಲಿ ಹಮಾಲಿ, ಗಾಡಿ ಬಾಡಿಗೆ, ಮುಂಗಡ ಎಲ್ಲ ಕಳೆದ ಮೇಲೆ ಕೊನೆಗೊಂದು ಸಾಲು: ‘ಬಾಕಿ ಖಾಲಿ ಕ್ರೇಟು’. "ಈ ಒಂದು ಸಾಲಿಗೇ ಸಾರ್ ಇಷ್ಟೆಲ್ಲ" ಎಂದು ನಕ್ಕ.

ಟ್ಯಾಲಿ ನಮ್ಮ ಬೆಂಗಳೂರಿನದೇ. 1986ರಲ್ಲಿ ಎಸ್.ಎಸ್. ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಶುರುಮಾಡಿದ ಪ್ಯೂಟ್ರಾನಿಕ್ಸ್ 1999ರಲ್ಲಿ ಟ್ಯಾಲಿ ಸಲ್ಯೂಷನ್ಸ್ ಆಯಿತು. 2009ಕ್ಕೆ ಇಆರ್‌ಪಿ 9, 2020ಕ್ಕೆ ಟ್ಯಾಲಿಪ್ರೈಮ್. ಅದೇ 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀ. ಇಷ್ಟು ಎಲ್ಲರಿಗೂ ಗೊತ್ತು. ನಾವು ನೋಡುವ ಟ್ಯಾಲಿಯ ಪರದೆಗಳು ಟಿಡಿಎಲ್ ಎಂಬ ಅದರದೇ ಭಾಷೆಯಲ್ಲಿ ಬರೆದಂಥವು ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ವರದಿಯೊಳಗೆ ಫಾರ್ಮ್, ಫಾರ್ಮಿನೊಳಗೆ ಪಾರ್ಟ್, ಅದರೊಳಗೆ ಲೈನ್, ಲೈನಿನೊಳಗೆ ಫೀಲ್ಡ್. ಬಹಿಯಲ್ಲಿ ಗೆರೆ ಎಳೆದು ಮನೆ ಮಾಡಿಕೊಳ್ಳುವ ಕ್ರಮವೇ ಇದು.

ಮೂಲ ಪರದೆಯನ್ನು ಮುಟ್ಟದೆ ಅದಕ್ಕೊಂದು ಸಾಲು ಸೇರಿಸುವುದಕ್ಕೆ ಹೆಸರಿಗೆ ಮೊದಲು ಹ್ಯಾಷ್ ಗುರುತು ಹಾಕಿ ಬರೆದರೆ ಸಾಕು. ಆದರೆ ಯಾವ ಹೆಸರಿಗೆ ಹಾಕಬೇಕು? ಡೆವಲಪರ್ ನನಗೆ ಮೆಚ್ಚಿಕೆಯಾದದ್ದು ಇಲ್ಲಿ. ‘ಜಂಪ್ ಟು ಡೆಫಿನಿಷನ್’ ಒತ್ತಿದರೆ ಆ ತುಣುಕು ಹುಟ್ಟಿದ ಕಡೆಗೇ ಕರೆದೊಯ್ಯುತ್ತದೆ. ಟ್ಯಾಲಿಯವರೇ ಬರೆದ ಟಿಡಿಎಲ್ ಎದುರಿಗೆ ಬರುತ್ತದೆ. ಹೊಸ ಆವೃತ್ತಿ ಬಂದಾಗಲೆಲ್ಲ ಡ್ಯಾಶ್‌ಬೋರ್ಡು, ವಾಟ್ಸ್‌ಆ್ಯಪ್ ಜೋಡಣೆಗಳದೇ ಪ್ರಚಾರ. ಮಂಡಿಯ ಗಲ್ಲಾಪೆಟ್ಟಿಗೆ ಮೇಲೆ ಬಣ್ಣದ ಗ್ರಾಫಿನಿಂದ ಏನು ಪ್ರಯೋಜನವೋ ನಾನು ಕಾಣೆ. ದೊಡ್ಡವರು ಬರೆದ ಪ್ರೋಗ್ರಾಮನ್ನು ತಾಯಲೂರಿನ ಹುಡುಗ ಓದಿ ಕಲಿಯಬಹುದು ಎಂಬುದು ಅದಕ್ಕಿಂತ ಎಷ್ಟೋ ಮೇಲು.

ಇನ್ನು ಯುಡಿಎಫ್ (ಯೂಸರ್ ಡಿಫೈನ್ಡ್ ಫೀಲ್ಡ್) ವಿಷಯ. ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಖಾಲಿ ಕ್ರೇಟಿನಂತೆ ನಾವೇ ಹುಟ್ಟುಹಾಕಿದ ಕಾಲಮ್ಮಿನ ಅಂಕಿ ಉಳಿಯಬೇಕಾದರೆ ಅದಕ್ಕೊಂದು ಹೆಸರು, ಜಾತಿ (ಅಂಕಿಯೋ, ಅಕ್ಷರವೋ, ತಾರೀಖೋ), ಒಂದು ಕ್ರಮಸಂಖ್ಯೆ ಕೊಡಬೇಕು. ಟ್ಯಾಲಿ ಮಾಹಿತಿಯನ್ನು ಗುರುತಿಸುವುದು ಆ ಜಾತಿ ಮತ್ತು ಸಂಖ್ಯೆಯಿಂದ. ಟಿಡಿಎಲ್ ಕಡತ ತೆಗೆದುಹಾಕಿದರೆ ಕ್ರೇಟಿನ ಲೆಕ್ಕ ಪರದೆಯಿಂದ ಮರೆಯಾಗುತ್ತದೆ, ಅಳಿಯುವುದಿಲ್ಲ. ಕಡತ ಮತ್ತೆ ಹಾಕಿದರೆ ಹಳೆಯ ಅಂಕಿಗಳು ಹಾಗೇ ಹಾಜರ್. ಇದು ಒಳ್ಳೆಯದೇ. ಆದರೆ ನಾಳೆ ಇನ್ನೊಬ್ಬ ಪ್ರೋಗ್ರಾಮರ್ ಬಂದು, ಗೊತ್ತಿಲ್ಲದೆ ಅದೇ ಜಾತಿಯ ಅದೇ ಸಂಖ್ಯೆಯನ್ನು ಹಮಾಲಿಗೆ ಕೊಟ್ಟರೆ? ಕ್ರೇಟಿನ ಅಂಕಿ ಹಮಾಲಿಯ ಮನೆಯಲ್ಲಿ ಕೂರುತ್ತದೆ. ತಪ್ಪು ಎಂದು ಯಾವ ಸೂಚನೆಯೂ ಬರುವುದಿಲ್ಲ, ಅಂಕಿ ಅಂಕಿಯೇ ತಾನೆ! ಹುಡುಗ ಇದಕ್ಕೆಂದೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾನೆ. ಎಡಗಡೆ ಸಂಖ್ಯೆ, ಬಲಗಡೆ ಯಾವ ಮಂಡಿ, ಯಾವ ಕಾಲಮ್ಮು. ಇಷ್ಟೆಲ್ಲ ಸೌಲಭ್ಯವಿರುವ ತಂತ್ರಾಂಶಕ್ಕೆ ಈ ನೋಟ್‌ಬುಕ್ಕೇ ಕಾವಲು.

ಮುಗಿದ ಟಿಡಿಎಲ್ ಅನ್ನು ಟಿಸಿಪಿ ಕಡತವಾಗಿ ಕಟ್ಟಿ ಕೊಡುವುದು ವಾಡಿಕೆ. ಅದನ್ನು ಟ್ಯಾಲಿ ಓಡಿಸುತ್ತದೆ, ಇನ್ನೊಬ್ಬರು ತೆರೆದು ಓದಲಾಗದು. ಬರೆದವನ ಹೊಟ್ಟೆಪಾಡಿನ ದೃಷ್ಟಿಯಿಂದ ಅದು ಸರಿಯೇ. ಆದರೆ ಅವನು ಊರು ಬಿಟ್ಟು ಬೆಂಗಳೂರು ಸೇರಿದರೆ ಮಂಡಿಯ ಲೆಕ್ಕ ಯಾರ ಕೈಯಲ್ಲಿ?

ಆದ್ದರಿಂದ ಮಂಡಿ, ಅಂಗಡಿ, ರೈಸ್ ಮಿಲ್ ನಡೆಸುವವರಲ್ಲಿ ಒಂದು ಕೇಳಿಕೆ. ಎಫ್1 ಒತ್ತಿ ‘ಟಿಡಿಎಲ್’ ಪಟ್ಟಿ ತೆರೆದು, ನಿಮ್ಮ ಟ್ಯಾಲಿಗೆ ಯಾವ ಯಾವ ಕಡತ ಸೇರಿದೆ ನೋಡಿಕೊಳ್ಳಿ. ಹೊಸದಾಗಿ ಬರೆಸುವಾಗ ಇನ್ನೆರಡು ಕಾಸು ಹೆಚ್ಚು ಕೊಟ್ಟಾದರೂ ಮೂಲ ಟಿಡಿಎಲ್ ಕಡತವನ್ನೂ ಬಳಸಿದ ಯುಡಿಎಫ್ ಸಂಖ್ಯೆಗಳ ಪಟ್ಟಿಯನ್ನೂ ಕೇಳಿ ಪಡೆದುಕೊಳ್ಳಿ.