ಹಾಳೆ ಮಡಚಿದೆ, ಇನ್ವರ್ಸ್ ಅರ್ಥವಾಯಿತು!

ದ್ವಿತೀಯ ಪಿಯುಸಿಯ ಕಿರುಪರೀಕ್ಷೆ. ಸೈನ್ 150 ಡಿಗ್ರಿಯ ಸೈನ್ ಇನ್ವರ್ಸ್ ಎಷ್ಟು ಎಂಬ ಪ್ರಶ್ನೆ. ಸೈನೂ ಇನ್ವರ್ಸೂ ಕ್ಯಾನ್ಸಲ್ ಆಗುತ್ತವೆ ಎಂದುಕೊಂಡು 150 ಎಂದು ಬರೆದೆ. ಸರಿಯುತ್ತರ 30. ಹೋದದ್ದು ಒಂದೇ ಅಂಕ. ಆದರೆ ‘ಯಾಕೆ 30?’ ಎಂದು ಕೇಳುವ ಧೈರ್ಯವಾಗಲಿಲ್ಲ. ಪುಸ್ತಕದಲ್ಲಿದ್ದ ಟೇಬಲ್ ಬಾಯಿಪಾಠ ಮಾಡಿ ಪಾಸಾದೆ, ಎಂಜಿನಿಯರಿಂಗ್‌ಗೂ ಬಂದೆ.

ಮೊನ್ನೆ ಪಿಯುಸಿ ಓದುತ್ತಿರುವ ತಂಗಿ ಅದೇ ಲೆಕ್ಕ ಹಿಡಿದು ಬಂದಳು. ಟೇಬಲ್ ತೋರಿಸಿದೆ. ‘ಅದು ನಂಗೂ ಗೊತ್ತು ಅಣ್ಣಾ, ಯಾಕೆ ಅಂತ ಹೇಳು’ ಎಂದಳು. ನನ್ನ ಬಾಯಿ ಕಟ್ಟಿಹೋಯಿತು. ಕೊನೆಗೆ ಇಬ್ಬರೂ ಗ್ರಾಫ್ ಶೀಟ್ ತೆಗೆದುಕೊಂಡು ಕೂತೆವು.

ಮೊದಲು ಸುಲಭದ್ದು. ಸೆಲ್ಸಿಯಸ್ಸನ್ನು 1.8ರಿಂದ ಗುಣಿಸಿ 32 ಕೂಡಿಸಿದರೆ ಫ್ಯಾರನ್‌ಹೀಟ್. ಹಿಂದಕ್ಕೆ ಬರಬೇಕಾದರೆ 32 ಕಳೆದು 1.8ರಿಂದ ಭಾಗಿಸಬೇಕು. ಮಾಡಿದ್ದನ್ನು ಬಿಚ್ಚುವುದೇ ಇನ್ವರ್ಸ್. ಗ್ರಾಫ್‌ನಲ್ಲಿ (0, 32) ಎಂಬ ಬಿಂದು (32, 0) ಆಗುತ್ತದೆ, (100, 212) ಎಂಬುದು (212, 100) ಆಗುತ್ತದೆ. ಎರಡೂ ಅಕ್ಷಗಳಿಗೆ ಒಂದೇ ಅಳತೆ ಇಟ್ಟು, ವೈ = ಎಕ್ಸ್ ಗೆರೆಯ ಮೇಲೆ ಹಾಳೆ ಮಡಚಿದರೆ ಒಂದು ಗೆರೆ ಇನ್ನೊಂದರ ಮೇಲೆ ಸರಿಯಾಗಿ ಕೂರುತ್ತದೆ. ಚಿಕ್ಕಂದಿನಲ್ಲಿ ಶಾಯಿ ಸುರಿದು ಹಾಳೆ ಮಡಚಿ ಚಿಟ್ಟೆ ಮಾಡುತ್ತಿದ್ದೆವಲ್ಲ, ಹಾಗೇ! ಎರಡು ಗೆರೆಗಳೂ ಮಡಿಕೆಯ ಮೇಲೆ ಸೇರುವುದು ಮೈನಸ್ 40ರಲ್ಲಿ. ಅಲ್ಲಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಒಂದೇ.

ಆಮೇಲೆ ಕೋನವನ್ನು ರೇಡಿಯನ್‌ನಲ್ಲಿ ಗುರುತಿಸಿ ಸೈನ್ ಅಲೆ ಬರೆದು ಮಡಚಿದೆವು. ಮಲಗಿದ್ದ ಅಲೆ ಎದ್ದು ನಿಂತಿತು. ಎಕ್ಸ್ ಅಕ್ಷದ 0.5ರಲ್ಲಿ ನೇರ ಮೇಲಕ್ಕೆ ಗೆರೆ ಎಳೆದರೆ ಅದು ಅಲೆಯನ್ನು 30, 150, 390 ಡಿಗ್ರಿ... ಹೀಗೆ ಹಲವು ಕಡೆ ಕತ್ತರಿಸುತ್ತದೆ. ಫಂಕ್ಷನ್ ಅಂದಮೇಲೆ ಒಂದು ಪ್ರಶ್ನೆಗೆ ಒಂದೇ ಉತ್ತರ ಕೊಡಬೇಕು. ಅದಕ್ಕೇ ಮೈನಸ್ 90ರಿಂದ 90ರವರೆಗೆ, ಅಲೆ ಎಲ್ಲೂ ತಿರುಗದೆ ಏರುವ ತುಂಡನ್ನು ಮಾತ್ರ ಇಟ್ಟುಕೊಂಡಿದ್ದಾರೆ. 150 ಆ ತುಂಡಿನ ಹೊರಗಿದೆ, 30 ಒಳಗಿದೆ. ಅಷ್ಟೇ ವಿಷಯ!

‘ಹಾಗಾದ್ರೆ ಕ್ಯಾಲ್ಕುಲೇಟರ್ ಯಾವತ್ತೂ 150 ಹೇಳಲ್ವಾ?’ ಎಂದಳು ತಂಗಿ. ಹೇಳುವುದಿಲ್ಲ. ತ್ರಿಭುಜದ ಒಂದು ಕೋನ ನಿಜಕ್ಕೂ 150 ಇದ್ದರೂ ಸೈನ್ ಇನ್ವರ್ಸ್ ಒತ್ತಿದರೆ 30 ಎನ್ನುತ್ತದೆ. 180ರಿಂದ ಕಳೆಯಬೇಕೋ ಬೇಡವೋ ಎಂದು ಚಿತ್ರ ನೋಡಿ ನಾವೇ ತೀರ್ಮಾನಿಸಬೇಕು.

ಹೋದ ಅಂಕ ಮರಳಿ ಬರುವುದಿಲ್ಲ. ಆದರೆ ಅಂದು ಕೈ ಎತ್ತಿ ಕೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ವಿಷಯಕ್ಕೆ ನನಗೆ ವರ್ಷಗಳೇ ಬೇಕಾದವು. ಕೇಳಿದ್ದು ತಂಗಿ, ಕಲಿತದ್ದು ನಾನು.